ಬೆಂಗಳೂರಿನಿಂದ ಉಡುಪಿಗೆ, ಕಾರಿನ ಮೇಲೆ ಕಯಾಕ್

ಕಯಾಕನ್ನು, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿಯನ್ನು, ಕಾರಿನ ಮೇಲೆ ಕಟ್ಟಬೇಕು ಅಂದಾಗ ಎಲ್ಲರ ಕಣ್ಣು ಹೋಗುವುದು ಹಗ್ಗದ ಕಡೆಗೆ. ಕೈಕೊಡುವುದು ಮಾತ್ರ ಸಾಮಾನ್ಯವಾಗಿ ಹಗ್ಗವಲ್ಲ. 25 ಮಿ.ಮೀ. ಅಗಲದ ಒಳ್ಳೆಯ ಪಾಲಿಯೆಸ್ಟರ್ ಪಟ್ಟಿ ನೂರಾರು ಕಿಲೋ ಎಳೆತ ತಾಳುತ್ತದೆ. ಒಬ್ಬರು ಕೂರುವ ದೋಣಿಯ ತೂಕ ಹೆಚ್ಚೆಂದರೆ ಇಪ್ಪತ್ತೈದು, ಮೂವತ್ತು ಕಿಲೋ. ಸಡಿಲವಾಗುವುದು ಕ್ಯಾರಿಯರ್‌ನ ಕಾಲು, ಅಂದರೆ ಅಡ್ಡಕಂಬಿ ಕಾರಿನ ಮೈಯನ್ನು ಕಚ್ಚಿ ಹಿಡಿದಿರುವ ಜಾಗ. ಅಲ್ಲಿ ಹಿಡಿತ ತಪ್ಪಿದರೆ ದೋಣಿ ಕಂಬಿಗೆ ಭದ್ರವಾಗಿ ಅಂಟಿಕೊಂಡೇ ಕಂಬಿಯ ಸಮೇತ ಹಿಂದೆ ಬರುವವರ ಮೇಲೆ ಬೀಳುತ್ತದೆ. ಆದ್ದರಿಂದ ನಾವು ಕಟ್ಟುವ ಕ್ರಮ ಕಾರಿನಿಂದ ಶುರುವಾಗಿ ದೋಣಿಯ ಕಡೆ ಹೋಗುತ್ತದೆ, ದೋಣಿಯಿಂದ ಕಾರಿಗೆ ಬರುವುದಿಲ್ಲ.

ಇಲ್ಲಿ ಹೇಳುವುದು ಹತ್ತು ಅಡಿಯ, ಅಂದರೆ ಸುಮಾರು 3 ಮೀಟರ್ ಉದ್ದದ, ಮೇಲೆ ಕೂತು ಹುಟ್ಟು ಹಾಕುವ ಪ್ಲಾಸ್ಟಿಕ್ ಕಯಾಕ್ ಒಂದನ್ನು ನಾಲ್ಕು ಮೀಟರ್ ಒಳಗಿನ ಹ್ಯಾಚ್‌ಬ್ಯಾಕ್ ಮೇಲೆ ಬೆಂಗಳೂರಿನಿಂದ ಉಡುಪಿ ಬಳಿಯ ಸುವರ್ಣಾ ನದಿಗೆ ಒಯ್ಯುವ ಬಗೆ. ದಾರಿ ನೆಲಮಂಗಲ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಮಂಗಳೂರು. ಸುಮಾರು 400 ಕಿ.ಮೀ. ನಾಲ್ಕು ಪಥದ ಹೆದ್ದಾರಿ, ಘಾಟಿಯ ತಿರುವು, ಹಂಪು, ಕಡಲ ಗಾಳಿ ಎಲ್ಲವೂ ಒಂದೇ ದಿನದಲ್ಲಿ ಸಿಗುವ ದಾರಿ ಇದು.

ಹೊರಡುವ ಹಿಂದಿನ ಸಂಜೆ ಮೊದಲು ತೆಗೆಯುವುದು ಕಾರಿನ ಮ್ಯಾನ್ಯುಯಲ್. ಚಾವಣಿ ಎಷ್ಟು ಭಾರ ತಾಳುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಸಣ್ಣ ಕಾರುಗಳಲ್ಲಿ ಅದು 50 ಕಿಲೋ ಆಸುಪಾಸು ಇರುವುದು ಸಾಮಾನ್ಯ. ಕೆಲವು ಕಾರುಗಳಲ್ಲಿ ಮೇಲೆ ಏನನ್ನೂ ಹಾಕಬೇಡಿ ಎಂದೇ ಇರುತ್ತದೆ. ಆ ಅಂಕಿಯಲ್ಲಿ ಕ್ಯಾರಿಯರ್ ತೂಕವೂ ಸೇರಿದೆ. ದೋಣಿ 25, ಎರಡು ಅಡ್ಡಕಂಬಿ ಮತ್ತು ಕಾಲುಗಳು 6, ಫೋಮು ಪಟ್ಟಿ ಎಲ್ಲ ಸೇರಿ 2 ಅಂತ ಹಿಡಿದರೆ 33 ಕಿಲೋ. 50ರ ಮಿತಿಯೊಳಗೆ ಬಂತು. ಎರಡು ದೋಣಿ ಅಂದಕೂಡಲೇ ಲೆಕ್ಕ 60ರ ಹತ್ತಿರ ಹೋಗುತ್ತದೆ. ಅಂಥ ಕಾರಿಗೆ ಎರಡನೆಯ ದೋಣಿ ಬೇಡವೇ ಬೇಡ. ಇಂಥ ಕಡೆ ನಾವು ರಾಜಿ ಮಾಡಿಕೊಳ್ಳುವುದಿಲ್ಲ, ಏಕೆಂದರೆ ಮಿತಿ ಬರೆದಿರುವುದು ಬರೀ ತಗಡು ತಗ್ಗುತ್ತದೆ ಎಂಬ ಭಯಕ್ಕಲ್ಲ. ಮೇಲೆ ಭಾರ ಹೆಚ್ಚಿದಷ್ಟೂ ತಿರುವಿನಲ್ಲಿ ಕಾರು ಹೊರಕ್ಕೆ ವಾಲುತ್ತದೆ.

ಆಮೇಲೆ ಕಾರಿನ ನೆತ್ತಿ ಎಂಥದ್ದು ಅಂತ ನೋಡಬೇಕು. ಬೊಲೆರೊ, ಜಿಪ್ಸಿ, ಹಳೆಯ ಓಮ್ನಿಗಳಂತೆ ಮಳೆನೀರು ಹರಿಯುವ ಅಂಚು ಇದ್ದರೆ ಅದೃಷ್ಟ. ಆ ಅಂಚನ್ನು ಕಚ್ಚುವ ಕ್ಯಾರಿಯರ್ ಬಲವಾಗಿ ನಿಲ್ಲುತ್ತದೆ, ಹಿಂದೆ ಮುಂದೆ ಬೇಕಾದಲ್ಲಿ ಸರಿಸಲೂ ಬರುತ್ತದೆ. ಉದ್ದಕ್ಕೆ ಕಂಬಿ ಇರುವ ಕಾರುಗಳಲ್ಲಿ ಒಂದು ಎಚ್ಚರ ಬೇಕು: ಆ ಕಂಬಿ ಎಷ್ಟೋ ಮಾದರಿಗಳಲ್ಲಿ ಅಂದಕ್ಕೆ ಕೂರಿಸಿದ್ದು, ಭಾರಕ್ಕಲ್ಲ. ಇದನ್ನೂ ಮ್ಯಾನ್ಯುಯಲ್ಲೇ ಹೇಳಬೇಕು. ಅಂಗಡಿಯವರ ಮಾತು ಸಾಲದು. ನಮ್ಮ ಉದಾಹರಣೆಯ ಹ್ಯಾಚ್‌ಬ್ಯಾಕ್‌ನಂತೆ ಬೋಳು ನೆತ್ತಿಯಿದ್ದರೆ ಬಾಗಿಲ ಚೌಕಟ್ಟಿಗೆ ಕೊಕ್ಕೆ ಹಾಕುವ ಕಾಲು ಬೇಕು, ಅದೂ ಆ ಮಾದರಿಯ ಕಾರಿಗೇ ಅಳತೆ ಮಾಡಿ ತಯಾರಿಸಿದ ಕಿಟ್. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಕೊಕ್ಕೆಗಳು ಚೌಕಟ್ಟಿನ ಬಾಗಿಗೆ ಪೂರ್ತಿ ಕೂರುವುದಿಲ್ಲ. ಒಂದು ಮೂಲೆಯಲ್ಲಿ ಮಾತ್ರ ತಾಗಿ, ಹಂಪು ಹಾರಿದಾಗಲೆಲ್ಲ ಕೂದಲೆಳೆಯಷ್ಟು ಜರುಗುತ್ತವೆ.

ಕಾಲು ಕೂರಿಸುವ ಮುನ್ನ ನೆತ್ತಿಯನ್ನೂ ಕಾಲಿನ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಧೂಳು ಉಳಿದರೆ ಬಣ್ಣವೂ ಕೆರೆಯುತ್ತದೆ, ಹಿಡಿತವೂ ಕಡಿಮೆ. ನಾಲ್ಕು ಬೋಲ್ಟನ್ನು ಒಂದೊಂದಾಗಿ ಪೂರ್ತಿ ಬಿಗಿಯದೆ, ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ಅಂತ ತಿರುಗಿಸುತ್ತ ಬಂದರೆ ಕಂಬಿ ನಡುಮಧ್ಯೆ ಕೂರುತ್ತದೆ. ಕಿಟ್ ಜೊತೆ ಟಾರ್ಕ್ ಕೀ ಬಂದಿದ್ದರೆ ಅದು ಟಕ್ ಎಂದಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಬಿಗಿದರೆ ಬೋಲ್ಟಿನ ಮರೆ (ಥ್ರೆಡ್) ಹಾಳಾಗುತ್ತದೆ ಇಲ್ಲವೇ ಬಾಗಿಲ ಅಂಚು ಬಾಗುತ್ತದೆ. ಬಿಗಿದಾದ ಮೇಲೆ ಬೋಲ್ಟಿನ ತಲೆಯಿಂದ ಕಾಲಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೀಟು ಎಳೆಯುತ್ತೇವೆ. ಬೋಲ್ಟ್ ಒಂದಿಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ದಾರಿಯಲ್ಲಿ ಸ್ಪ್ಯಾನರ್ ತೆಗೆಯದೆ ನೋಟದಲ್ಲೇ ತಿಳಿಯುತ್ತದೆ. ಕೊನೆಗೆ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲುಗಾಡಿಸಿ. ಇಡೀ ಕಾರು ತೂಗಬೇಕು, ಕಂಬಿ ಮಾತ್ರ ಅಲುಗಬಾರದು.

ಎರಡು ಕಂಬಿಗಳ ನಡುವಿನ ಅಂತರ ಹೆಚ್ಚಿದಷ್ಟೂ ಒಳ್ಳೆಯದು. ಹ್ಯಾಚ್‌ಬ್ಯಾಕ್‌ನಲ್ಲಿ ಸಿಗುವುದೇ 70, 75 ಸೆಂ.ಮೀ. ಮೂರು ಮೀಟರ್ ದೋಣಿಗೆ ಅಷ್ಟು ಸಾಕು. ಐದು ಮೀಟರ್‌ನ ಸಮುದ್ರ ಕಯಾಕಿಗೆ ಅದೇ ಅಂತರ ತೀರಾ ಕಡಿಮೆ. ಪಕ್ಕದಿಂದ ಬಂದ ಗಾಳಿ ಮೂತಿಯನ್ನು ತಳ್ಳಿದಾಗ ಆ ಉದ್ದದ ತಿರುಚುಬಲವೆಲ್ಲ ಆ ಮುಕ್ಕಾಲು ಮೀಟರ್ ಮೇಲೆ ಬೀಳುತ್ತದೆ.

ಬರಿಯ ಕಂಬಿಯ ಮೇಲೆ ದೋಣಿ ಇಡಬಾರದು. ಮೊದಲು ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಕಂಬಿಗೆ ಸುತ್ತುತ್ತೇವೆ, ಜಾರದಿರಲಿ ಅಂತ. ಅದರ ಮೇಲೆ ಎಸಿ ಪೈಪಿಗೆ ತೊಡಿಸುವ ಕಪ್ಪು ರಬ್ಬರ್ ಫೋಮಿನ ಕೊಳವೆ. ಎಸಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಉದ್ದಕ್ಕೆ ಸೀಳಿದರೆ ಕಂಬಿಗೆ ಸರಿಯಾಗಿ ಕೂರುತ್ತದೆ. ಸೋಫಾ ಸ್ಪಂಜು, ಮಕ್ಕಳು ಈಜು ಕಲಿಯುವ ಮೆತ್ತನೆಯ ಫೋಮ್ ಕೋಲು ಬೇಡ. ಅವು ಅರ್ಧ ಗಂಟೆಯಲ್ಲಿ ಅಮುಕಿಕೊಂಡು ತೆಳ್ಳಗಾಗುತ್ತವೆ, ನೀವು ಬಿಗಿದ ಪಟ್ಟಿ ಅಷ್ಟೇ ಸಡಿಲವಾಗುತ್ತದೆ. ದಾರಿಯಲ್ಲಿ ಪಟ್ಟಿ ತಾನಾಗಿ ಸಡಿಲವಾಯಿತು ಎನ್ನುವ ದೂರಿಗೆ ಬಹಳ ಸಲ ಮೆತ್ತನೆಯ ಫೋಮೇ ಕಾರಣ.

ದೋಣಿಯನ್ನು ಬೋರಲು ಹಾಕುವುದೋ, ನೆಟ್ಟಗೆ ಇಡುವುದೋ? ಈ ಬಗೆಯ ಪ್ಲಾಸ್ಟಿಕ್ ಕಯಾಕನ್ನು ನಾವು ಬೋರಲೇ ಹಾಕುವುದು. ಇದರ ತಳ ಅಗಲ, ಮೆದು. ಬಿಸಿಲಿಗೆ ಪಾಲಿಥಿನ್ ಮೆತ್ತಗಾದಾಗ ಕಂಬಿಯ ಗುರುತು ತಳದಲ್ಲಿ ತಗ್ಗಾಗಿ ಉಳಿಯುತ್ತದೆ, ನೀರಿನಲ್ಲಿ ಓಟ ಕೆಡುತ್ತದೆ. ಮೇಲಿನ ಅಂಚುಗಳು ಮಡಿಕೆ ಬಿದ್ದ ಗಟ್ಟಿ ಭಾಗ, ಭಾರ ಹೊರುವ ಶಕ್ತಿ ಅವಕ್ಕಿದೆ. ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಒಳಗೆ ಕೂರುವ ಕಯಾಕನ್ನು ಬಾಯಿ ಮೇಲೆ ಮಾಡಿ ಇಟ್ಟು, ಅದಕ್ಕೆ ಮುಚ್ಚಳ ಹಾಕದೆ ಮಲೆನಾಡಿನ ಮಳೆಗೆ ಸಿಕ್ಕಿದರೆ ಹತ್ತಾರು ಲೀಟರ್ ನೀರು ತುಂಬುತ್ತದೆ, ಲೀಟರಿಗೆ ಒಂದು ಕಿಲೋ ಭಾರ. ಮಿತಿಯ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಬೋರಲು ಹಾಕಿದ ದೋಣಿಗೆ ಇನ್ನೊಂದು ಅನುಕೂಲವಿದೆ: ಮೂತಿ ಕೆಳಮುಖವಾಗಿರುತ್ತದೆ, ಗಾಳಿ ಅಡಿಯಿಂದ ನುಗ್ಗಿ ಎತ್ತುವುದು ಕಡಿಮೆ. ಫೈಬರ್‌ಗ್ಲಾಸ್ ದೋಣಿಯ ಮಾತು ಬೇರೆ. ಅದಕ್ಕೆ ತಳದ ಬಾಗಿಗೆ ಹೊಂದುವ ತೊಟ್ಟಿಲು, ಒಳಗಿನ ಅಡ್ಡಗೋಡೆಗಳ ನೇರಕ್ಕೆ ಆಧಾರ ಬೇಕೇ ಬೇಕು.

ಮೇಲೆ ಏರಿಸುವ ಮೊದಲು ದೋಣಿಯನ್ನು ಬೋಳು ಮಾಡಿ. ಸೀಟು, ಮೀನಿನ ಗಾಳದ ಹಿಡಿಕೆ, ಹುಟ್ಟು, ನೀರಿನ ಬಾಟಲಿ, ಸಡಿಲ ಹಗ್ಗ ಎಲ್ಲ ಕಾರಿನೊಳಗೆ ಹೋಗಬೇಕು. ಸೀಟು ಬಿಟ್ಟರೆ ಗಾಳಿಗೆ ಬಡಿದು ಬಡಿದು ಕೊಂಡಿ ಕಿತ್ತುಬರುತ್ತದೆ. ಟಾರ್ಪಾಲ್ ಸುತ್ತುವುದಂತೂ ಬೇಡ, ಗಾಳಿ ಹೊಕ್ಕು ಅದೇ ಹಾಯಿಯಾಗುತ್ತದೆ. ಡಿಕ್ಕಿಯ ಸಾಮಾನನ್ನೂ ಆಗಲೇ ತುಂಬಿ ಮುಗಿಸಿ. ದೋಣಿಯ ಹಿಂತುದಿ ಅಡ್ಡ ಬಂದು ಡಿಕ್ಕಿ ಪೂರ್ತಿ ತೆರೆಯುವುದಿಲ್ಲ. ಮರೆತು ತೆರೆದರೆ ಹಿಂದಿನ ಗಾಜಿಗೆ ಪೆಟ್ಟು.

ಇಬ್ಬರಿದ್ದರೆ ತುದಿಗೊಬ್ಬರು ಹಿಡಿದು ಎತ್ತಿಡುವ ಕೆಲಸ ಅಷ್ಟೆ. ಒಬ್ಬರೇ ಇದ್ದಾಗ ಕಾರಿನ ಹಿಂಭಾಗಕ್ಕೆ ಹಳೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಮೂತಿಯನ್ನು ಎತ್ತಿ ಹಿಂದಿನ ಕಂಬಿಗೆ ಒರಗಿಸಿ, ಆಮೇಲೆ ಹಿಂದಿನಿಂದ ಎತ್ತಿ ಮುಂದಕ್ಕೆ ದೂಡುತ್ತೇವೆ. ಹೀಗೆ ಮಾಡಿದರೆ ಒಂದು ಸಲಕ್ಕೆ ಕೈಗೆ ಬರುವುದು ಅರ್ಧ ಭಾರ, ಹನ್ನೆರಡು ಹದಿಮೂರು ಕಿಲೋ. ಹಿಂದಿನ ವೈಪರ್, ಸ್ಪಾಯ್ಲರ್, ನೆತ್ತಿಯ ಮೇಲಿನ ಶಾರ್ಕ್ ಫಿನ್ ಆಂಟೆನಾ ಮೂರನ್ನೂ ನೋಡಿಕೊಳ್ಳಿ. ಉದ್ದನೆಯ ಆಂಟೆನಾ ಆದರೆ ತಿರುಗಿಸಿ ತೆಗೆದಿಡಬಹುದು. ಎರಡೂ ಕಂಬಿಯಾಚೆ ಒಂದೇ ಸಮ ಭಾರ ಬರುವಂತೆ ದೋಣಿಯನ್ನು ಹಿಂದೆ ಮುಂದೆ ಸರಿಸಿ, ಮೂತಿ ಕಾರಿನ ಮಧ್ಯರೇಖೆಗೆ ನೇರ ಇದೆಯೇ ಅಂತ ಹತ್ತು ಹೆಜ್ಜೆ ದೂರ ನಿಂತು ನೋಡಬೇಕು.

ಪಟ್ಟಿಗೆ ಬಂದರೆ, ಕ್ಯಾಮ್ ಬಕಲ್ (ಒತ್ತಿದರೆ ಪಟ್ಟಿ ಸರಿಯಲು ಬಿಟ್ಟು, ಕೈ ಬಿಟ್ಟರೆ ಹಲ್ಲಿನಿಂದ ಕಚ್ಚಿ ಹಿಡಿಯುವ ಕೊಂಡಿ) ಇರುವ ಪಾಲಿಯೆಸ್ಟರ್ ಪಟ್ಟಿ ಎರಡು, ಒಂದೊಂದೂ 4 ಮೀಟರ್. ನೈಲಾನ್ ನೆನೆದರೆ ಹಿಗ್ಗುತ್ತದೆ. ಪಾಲಿಪ್ರೊಪಿಲಿನ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಅಂಗಡಿಯಲ್ಲಿ ನೈಲಾನ್ ಹಗ್ಗ ಅಂತ ಕೊಡುವ ಹಳದಿ ನೀಲಿ ಹಗ್ಗ ಹೆಚ್ಚಾಗಿ ಇದೇ. ಲಾರಿಯವರ ರ‍್ಯಾಚೆಟ್ ಪಟ್ಟಿ ಎಷ್ಟೇ ಗಟ್ಟಿಯಾಗಿ ಕಂಡರೂ ಕಯಾಕಿಗೆ ಬಳಸಬೇಡಿ. ಅದರ ಹಿಡಿಯನ್ನು ಎರಡು ಸಲ ಹೆಚ್ಚಿಗೆ ಆಡಿಸಿದರೂ ಎಳೆತ ಎಷ್ಟಾಯಿತೆಂದು ಕೈಗೆ ತಿಳಿಯುವುದಿಲ್ಲ. ಪ್ಲಾಸ್ಟಿಕ್ ದೋಣಿ ತಗ್ಗಾಗುತ್ತದೆ, ಫೈಬರ್ ದೋಣಿ ಬಿರಿಯುತ್ತದೆ.

ಕಟ್ಟುವುದು ಹೀಗೆ. ಬಕಲ್ ಇರುವ ತುದಿಯನ್ನು ನಮ್ಮ ಕಡೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ದೋಣಿಯ ಮೇಲಿಂದ ಆಚೆಗೆ ಎಸೆಯುತ್ತೇವೆ. ಬಕಲನ್ನೇ ಎಸೆದರೆ ಗಾಜಿಗೋ ಬಣ್ಣಕ್ಕೋ ತಗಲುತ್ತದೆ. ಆಚೆ ಹೋಗಿ ಆ ತುದಿಯನ್ನು ಕಂಬಿಯ ಕೆಳಗಿನಿಂದ ಸುತ್ತಿಸಿ ಮತ್ತೆ ದೋಣಿಯ ಮೇಲಿಂದ ಈಚೆಗೆ ಎಸೆದು, ಈಚೆ ಬಂದು ಕಂಬಿಯ ಕೆಳಗಿನಿಂದ ತಂದು, ಮೇಲಕ್ಕೆ ಎಳೆದು ಬಕಲಿಗೆ ತೂರಿಸಬೇಕು. ಎರಡೂ ಕಡೆ ಪಟ್ಟಿ ಕ್ಯಾರಿಯರ್ ಕಾಲಿನ ಒಳಭಾಗದಲ್ಲೇ ಕಂಬಿಯನ್ನು ಸುತ್ತಿರಬೇಕು. ಹೊರಗಡೆ ಸುತ್ತಿದರೆ ಕಂಬಿಯ ತುದಿಯಿಂದ ಜಾರಿಬೀಳುವ ಸಾಧ್ಯತೆ ಇದೆ. ಬಕಲ್ ನಿಲ್ಲಬೇಕಾದ ಜಾಗ ಕಂಬಿಯಿಂದ ಒಂದು ಗೇಣು ಮೇಲೆ. ಅದರಡಿ ದಪ್ಪ ಬಟ್ಟೆಯೋ ರಬ್ಬರೋ ಇರಲಿ. ಬಕಲ್ ಒತ್ತಿ ಕೈಯಿಂದ ಎಳೆದಷ್ಟೇ ಬಿಗಿ ಸಾಕು. ಬಕಲಿನ ಮೇಲೆ ಕಾಲೂರಿ ಎಳೆಯುವುದು ಬೇಡ. ಉಳಿದ ತುದಿಯನ್ನು ಬಕಲಿನ ಕೆಳಗೇ ಎರಡು ಗಂಟು ಹಾಕಿ, ಬಾಲವನ್ನು ಕಂಬಿಗೆ ಸುತ್ತಿ ಸಿಕ್ಕಿಸಿ. ಬಾಗಿಲ ಸಂದಿಗೆ ಸಿಕ್ಕಿಸಿದರೆ ಮಳೆಯಲ್ಲಿ ಅದೇ ಪಟ್ಟಿಯ ಜಾಡು ಹಿಡಿದು ನೀರು ಸೀಟಿನ ಮೇಲೆ ತೊಟ್ಟಿಕ್ಕುತ್ತದೆ. ಎರಡು ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿರಲಿ. ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಕಟ್ಟಿದರೆ ದೋಣಿ ಹಿಂದೆ ಮುಂದೆ ಜಾರಿದಾಗ ಎರಡೂ ಒಟ್ಟಿಗೇ ಸಡಿಲವಾಗುತ್ತವೆ.

ದೋಣಿಯ ಮೇಲೆ ಹಾದುಹೋಗುವ ಪಟ್ಟಿಗೆ ಒಂದೆರಡು ತಿರುಚು ಕೊಡುವುದು ಮರೆಯಬಾರದು. ಚಪ್ಪಟೆಯಾಗಿ ಬಿಗಿದ ಪಟ್ಟಿ 50, 60 ಕಿ.ಮೀ. ವೇಗ ದಾಟುತ್ತಲೇ ಗಾಳಿಗೆ ಅದುರಿ, ಇಡೀ ನೆತ್ತಿ ಗುಂಯ್ಗುಡುವಂತೆ ಮಾಡುತ್ತದೆ. ಸದ್ದಷ್ಟೇ ಆದರೆ ಸಹಿಸಬಹುದು. ಆ ಅದುರುವಿಕೆ ಗಂಟೆಗಟ್ಟಲೆ ನಡೆದರೆ ಪಟ್ಟಿಯ ಅಂಚು ಸವೆದು ಬಕಲ್ ಸಡಿಲವಾಗುತ್ತದೆ. ತಿರುಚಿದ ಪಟ್ಟಿಯ ಮೇಲೆ ಗಾಳಿ ಒಂದೇ ಲಯದಲ್ಲಿ ಬಡಿಯಲಾರದು.

ಇಷ್ಟು ಮಾಡಿ ಹೊರಟುಬಿಡುವವರು ಬಹಳ. ಮೂತಿಯ ಮತ್ತು ಹಿಂತುದಿಯ ಹಗ್ಗ ಇಲ್ಲದೆ ಹೆದ್ದಾರಿಗೆ ಇಳಿಯಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಮೊದಲೇ ಹೇಳಿದಂತೆ ಕ್ಯಾರಿಯರ್ ಕಾಲೇ ಸಡಿಲವಾದರೆ ಪಟ್ಟಿಗಳೆರಡೂ ವ್ಯರ್ಥ. ಆಗ ದೋಣಿಯನ್ನು ಕಾರಿಗೆ ನೇರವಾಗಿ ಹಿಡಿದಿರುವುದು ಈ ಎರಡು ಹಗ್ಗ ಮಾತ್ರ. ಜೊತೆಗೆ ಮುಂದಿನ ಹಗ್ಗ ಚಾಲಕರ ಕಣ್ಣೆದುರೇ ಇರುತ್ತದೆ. ಅದು ಜೋಲು ಬಿತ್ತೆಂದರೆ ಮೇಲೆ ಏನೋ ಸರಿದಿದೆ ಅಂತ ಅರ್ಥ, ಕೂಡಲೇ ಪಕ್ಕಕ್ಕೆ ನಿಲ್ಲಿಸಬೇಕು.

ಹಗ್ಗ ಕಟ್ಟಲು ಮುಂದೆ ಜಾಗ ಎಲ್ಲಿ? ಬಾನೆಟ್ ಎತ್ತಿದರೆ ಎರಡೂ ಪಕ್ಕದ ಫೆಂಡರನ್ನು ಹಿಡಿದಿರುವ ಬೋಲ್ಟಿನ ಸಾಲು ಕಾಣುತ್ತದೆ. ಒಂದಡಿ ಉದ್ದದ ಪಟ್ಟಿಯ ತುಂಡನ್ನು ಮಡಿಚಿ, ಕಾದ ಮೊಳೆಯಿಂದ ತೂತು ಮಾಡಿ, ದೊಡ್ಡ ವಾಷರ್ ಹಾಕಿ ಅದೇ ಬೋಲ್ಟಿಗೆ ಬಿಗಿದರೆ ಕುಣಿಕೆ ಸಿದ್ಧ. ಬಾನೆಟ್ ಮುಚ್ಚಿದಾಗ ಸಂದಿಯಿಂದ ಕುಣಿಕೆ ಹೊರಗೆ ಬರುತ್ತದೆ, ಬೇಡವಾದಾಗ ಒಳಗೆ ಮಡಚಿಡಬಹುದು. ಎಡಬಲ ಎರಡು ಕುಣಿಕೆ ಇದ್ದರೆ ಮೂತಿಯಿಂದ ಎರಡು ಹಗ್ಗ ಇಳಿಬಿಟ್ಟು ಪಕ್ಕದ ಗಾಳಿಯನ್ನೂ ತಡೆಯಬಹುದು. ಹಿಂದೆ ಟೋಯಿಂಗ್ ಕೊಕ್ಕೆ ಸಾಕು, ಹಗ್ಗ ಬಂಪರಿನ ಅಂಚಿಗೆ ಉಜ್ಜುವ ಕಡೆ ಟ್ಯೂಬಿನ ತುಂಡು ಸುತ್ತಿ.

ಹಗ್ಗ 6ರಿಂದ 8 ಮಿ.ಮೀ. ದಪ್ಪದ ಪಾಲಿಯೆಸ್ಟರ್. ತೆಂಗಿನ ನಾರಿನದ್ದು ಬೇಡ, ಹಿಗ್ಗುತ್ತದೆ. ಗಂಟು, ಲಾರಿಯವರು ಟಾರ್ಪಾಲ್ ಬಿಗಿಯಲು ಹಾಕುವುದೇ. ಹಗ್ಗದ ಒಂದು ತುದಿಯನ್ನು ಮೂತಿಯ ಹಿಡಿಕೆಗೆ ಕಟ್ಟಿ, ಎದೆ ಎತ್ತರದಲ್ಲಿ ಒಂದು ಜೀರುಗುಣಿಕೆ ಮಾಡಿ, ಬಿಡಿ ತುದಿಯನ್ನು ಬಾನೆಟ್ಟಿನ ಕುಣಿಕೆಯಲ್ಲಿ ತೂರಿಸಿ ಮೇಲೆ ತಂದು ಜೀರುಗುಣಿಕೆಯೊಳಗೆ ಹಾಯಿಸಿ ಕೆಳಕ್ಕೆ ಎಳೆಯಬೇಕು. ಜೀರುಗುಣಿಕೆಗೆ ಎಳೆದುಕೊಳ್ಳುವ ಮಡಿಕೆ ಬಿಡಿ ತುದಿಯ ಕಡೆಯದಾಗಿರಬೇಕು. ದೋಣಿಯ ಕಡೆಯದಾದರೆ ಭಾರ ಬಿದ್ದೊಡನೆ ಕುಣಿಕೆ ಬಿಗಿದು ಮುಚ್ಚಿಕೊಳ್ಳುತ್ತದೆ. ಜೋಲು ಹೋಗುವಷ್ಟು ಎಳೆದು, ಎರಡು ಗಂಟು ಹಾಕಿ ನಿಲ್ಲಿಸಿ. ಈ ಗಂಟಿಗೆ ರಾಟೆಯ ಬಲವಿದೆ, ಹೆಚ್ಚು ಎಳೆದರೆ ದೋಣಿಯೇ ಬಾಳೆಕಾಯಿಯಂತೆ ಬಾಗುತ್ತದೆ. ಮಿಕ್ಕ ತುದಿ ಒಂದು ಗೇಣೂ ನೇತಾಡಬಾರದು. ಅದು ಬಿಚ್ಚಿ ಮುಂದಿನ ಚಕ್ರಕ್ಕೆ ಸಿಕ್ಕಿದರೆ, ಚಕ್ರ ಹಗ್ಗವನ್ನು ಸುತ್ತಿಕೊಂಡು ಮೂತಿಯನ್ನು ಬಾನೆಟ್ ಮೇಲೆ ಎಳೆದು ಕೆಡವುತ್ತದೆ.

ಚಿಕ್ಕ ದೋಣಿಯಲ್ಲಿ ಹಿಂದಿನ ಹಗ್ಗ ಬಹುಪಾಲು ನೇರ ಕೆಳಕ್ಕೆ ಇಳಿಯುವುದರಿಂದ ಗಟ್ಟಿ ಬ್ರೇಕ್ ಹಾಕಿದಾಗ ದೋಣಿ ಮುಂದಕ್ಕೆ ಜಾರುವುದನ್ನು ಅದು ತಡೆಯಲಾರದು. ತುರ್ತು ಬ್ರೇಕಿನಲ್ಲಿ 25 ಕಿಲೋ ದೋಣಿಯನ್ನು ಮುಂದಕ್ಕೆ ತಳ್ಳುವ ಬಲ 20 ಕಿಲೋ ಭಾರದಷ್ಟು. ಅದಕ್ಕೆ ಪಕ್ಕದ ಹಿಡಿಕೆಯಿಂದ ಹಿಂದಿನ ಕಂಬಿಗೆ ಒಂದು ಚಿಕ್ಕ ಹಗ್ಗ ಕಟ್ಟುತ್ತೇವೆ. ಸೀಟಿನ ಕೊಂಡಿಗೆ ಕಟ್ಟಬಾರದು, ಅದು ರಿವೆಟ್ ಹೊಡೆದ ಸಣ್ಣ ತುಂಡು.

ಇನ್ನು ಕೊನೆಯದು, ಅಡಿಯ ಬಿರಡೆ. ನೀರು ಹೊರಹಾಕುವ ಬಿರಡೆಯನ್ನು ತೆಗೆದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಇಲ್ಲಿ ಬಿರಡೆ ಬಿಗಿದ ದೋಣಿ ಶಿರಾಡಿ ಇಳಿಯುವಷ್ಟರಲ್ಲಿ ಹೊರಗಿನ ಒತ್ತಡಕ್ಕೆ ಒಳಕ್ಕೆ ಸೊಟ್ಟಗಾಗುತ್ತದೆ, ಮುಚ್ಚಳಗಳು ಹೀರಿಕೊಂಡು ತೆಗೆಯಲು ಬರುವುದಿಲ್ಲ, ಮೈ ಒಳಸರಿದಷ್ಟು ಪಟ್ಟಿಯೂ ಸಡಿಲ. ವಾಪಸು ಬರುವಾಗ ಇದರ ಉಲ್ಟಾ: ಕರಾವಳಿಯಲ್ಲಿ ಮುಚ್ಚಿದರೆ ಘಾಟಿ ಹತ್ತುತ್ತ, ಬಿಸಿಲೂ ಸೇರಿ, ಉಬ್ಬಿಕೊಳ್ಳುತ್ತದೆ.

ಬೆಳಗಿನ ಐದಕ್ಕೆ ಹೊರಟರೆ ಊರೊಳಗೆ ಗಾಳಿಯೂ ಇಲ್ಲ, ದಟ್ಟಣೆಯೂ ಇಲ್ಲ. ದೋಣಿ ಸೇರಿದ ಮೇಲೆ ಕಾರಿನ ಒಟ್ಟು ಎತ್ತರ ಅಳೆದು, ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆ, ಲಾಡ್ಜಿನ ಪಾರ್ಕಿಂಗ್, ರೈಲ್ವೆ ಕೆಳಸೇತುವೆಯ ಮುಂದೆ ಎತ್ತರದ ಮಿತಿಗೆ ಹಾಕಿದ ಅಡ್ಡಕಂಬ ಇವುಗಳೆದುರು ಅಂದಾಜು ನಡೆಯುವುದಿಲ್ಲ.

ಮೊದಲ ನಿಲುಗಡೆ ನೆಲಮಂಗಲ ದಾಟಿದ ಕೂಡಲೇ. ಫೋಮು, ಪಟ್ಟಿ, ದೋಣಿ ಮೂರೂ ತಮ್ಮ ಜಾಗಕ್ಕೆ ಕೂತುಕೊಳ್ಳುವುದು ಈ ಮೊದಲ ಇಪ್ಪತ್ತು ಕಿ.ಮೀ.ಗಳಲ್ಲಿ, ಇಲ್ಲಿ ಒಂದು ಸಲ ಎಳೆದು ಬಿಗಿದರೆ ಆಮೇಲೆ ಬದಲಾವಣೆ ಕಡಿಮೆ. ಹಾಸನದವರೆಗೆ ರಸ್ತೆ ಚೆನ್ನಾಗಿದೆ ಅಂತ ವೇಗ ಏರಿಸಬೇಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ದೋಣಿಯ ಮೇಲಿನ ಬಲ ಒಂದೂವರೆ ಪಟ್ಟಿಗೂ ಹೆಚ್ಚು, 60ರಿಂದ 120ಕ್ಕೆ ನಾಲ್ಕು ಪಟ್ಟು. ನಾವು 80 ದಾಟುವುದಿಲ್ಲ. ಎದುರಿನಿಂದ ಬಸ್ಸು ಲಾರಿಗಳು ಹಾಯುವಾಗ ಬರುವ ಗಾಳಿಯ ಹೊಡೆತಕ್ಕೂ ಅದೇ ಲೆಕ್ಕ. ಹಂಪುಗಳ ಮೇಲೆ ಪೂರ್ತಿ ನಿಧಾನ ಮಾಡಿ. ಕ್ಯಾರಿಯರ್ ಕಾಲು ಸಡಿಲವಾಗುವುದು ಗಾಳಿಗಿಂತ ಹಂಪಿನ ಕುಕ್ಕಾಟದಿಂದ.

ಸಕಲೇಶಪುರದಲ್ಲಿ ಇಳಿದು ಬೋಲ್ಟಿನ ಗೀಟು ನಾಲ್ಕನ್ನೂ ನೋಡಿ, ಹಗ್ಗ ಪಟ್ಟಿ ಮುಟ್ಟಿ ನೋಡಿ ಘಾಟಿ ಇಳಿಯುತ್ತೇವೆ. ತಿರುವುಗಳಲ್ಲಿ ಕಾರು ಎಂದಿಗಿಂತ ಹೆಚ್ಚು ವಾಲುವುದು ಗೊತ್ತಾಗುತ್ತದೆ. ಬ್ರೇಕನ್ನು ತಿರುವಿಗೆ ಮುಂಚೆಯೇ ಮುಗಿಸಿ, ತಿರುವಿನೊಳಗೆ ಸಮವೇಗ. ಉಪ್ಪಿನಂಗಡಿ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಊಟಕ್ಕೆ ನಿಲ್ಲಿಸಿದರೆ ನೆರಳಲ್ಲಿ ನಿಲ್ಲಿಸಿ, ಪಟ್ಟಿಯನ್ನು ಸ್ವಲ್ಪ ಸಡಿಲ ಬಿಟ್ಟು, ಹೊರಡುವಾಗ ಮತ್ತೆ ಬಿಗಿಯಿರಿ. ಕಾದ ಪ್ಲಾಸ್ಟಿಕ್ ಬಿಗಿ ಪಟ್ಟಿಯಡಿ ಗಂಟೆಗಟ್ಟಲೆ ನಿಂತರೆ ತಗ್ಗು ಬೀಳುತ್ತದೆ. ಬಿದ್ದ ತಗ್ಗಿಗೆ ಬಿಸಿಲೇ ಮದ್ದು: ಭಾರ ತೆಗೆದು ತಳ ಮೇಲಾಗಿ ಬಿಸಿಲಿಗಿಟ್ಟರೆ ಹೆಚ್ಚಿನವು ತಾವೇ ಎದ್ದುಕೊಳ್ಳುತ್ತವೆ.

ಕರಾವಳಿಯ ಹೆದ್ದಾರಿಯಲ್ಲಿ ಪಕ್ಕದ ಗಾಳಿ ಬೇರೆಯೇ ವಿಷಯ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ, ಸೇತುವೆಗಳ ಮೇಲೆ ತಡೆಯಿಲ್ಲ. ಉಡುಪಿ ದಾಟಿ ಹೊನ್ನಾವರದ ಶರಾವತಿ ಹಿನ್ನೀರಿಗೆ ಹೋಗುವವರಿಗೆ ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ; ಅಲ್ಲಿ 60ಕ್ಕೆ ಇಳಿಸುವುದು ಮೇಲು.

ದೋಣಿ ಕಾರಿಗಿಂತ ಉದ್ದವಾಗಿದ್ದರೆ ಕಾನೂನೂ ನೆನಪಿರಲಿ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ ಅನುಮತಿಸಿದ ಮಿತಿ ಮೀರಿ ಸರಕು ಹೊರಚಾಚಿದರೆ ದಂಡ 20,000 ರೂಪಾಯಿ, ಇಳಿಸುವ ಖರ್ಚು ಬೇರೆ. 3 ಮೀಟರ್ ದೋಣಿಗೆ ಈ ಪ್ರಶ್ನೆಯೇ ಬರುವುದಿಲ್ಲ. 5 ಮೀಟರ್ ದೋಣಿ ಇರುವವರು ಉದ್ದದ ಗಾಡಿ ಹುಡುಕುವುದು ಒಳ್ಳೆಯದು. ಹಿಂದೆ ಸ್ವಲ್ಪ ಚಾಚಿದರೂ ತುದಿಗೆ ಕೆಂಪು ಬಟ್ಟೆ ಕಟ್ಟಿ, ರಾತ್ರಿ ಓಡಿಸಬೇಡಿ.

ಇಳಿಸುವಾಗ ಮೊದಲು ತುದಿಯ ಹಗ್ಗಗಳು, ಆಮೇಲೆ ಪಟ್ಟಿ. ವಾಪಸು ಹೊರಡುವ ಮುನ್ನ ದೋಣಿಯನ್ನು ತುದಿಯ ಮೇಲೆ ನಿಲ್ಲಿಸಿ ಒಳಗಿನ ನೀರು ಪೂರ್ತಿ ಸುರಿದುಬಿಡಬೇಕು. ನಾಲ್ಕೈದು ಲೀಟರ್ ಉಳಿದರೂ ಘಾಟಿಯಲ್ಲಿ ಅದು ಹಿಂದೆ ಮುಂದೆ ಹರಿದು ಕಟ್ಟನ್ನೆಲ್ಲ ಎಳೆದಾಡುತ್ತದೆ. ಕಂಬಿ ತಾಗುವ ಅಂಚಿನಲ್ಲಿ ಮರಳು ಇದ್ದರೆ ಒರೆಸಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಉಜ್ಜುತ್ತ ಬರುತ್ತದೆ. ಮನೆಗೆ ಬಂದ ಮೇಲೆ ಪಟ್ಟಿ, ಬಕಲ್, ಹಗ್ಗಗಳನ್ನು ಸಿಹಿನೀರಲ್ಲಿ ಅದ್ದಿ ತೊಳೆದು ನೆರಳಲ್ಲಿ ಒಣಗಿಸಿ. ಉಪ್ಪು ಕೂತರೆ ಬಕಲಿನ ಸ್ಪ್ರಿಂಗ್ ತುಕ್ಕು ಹಿಡಿದು ಹಲ್ಲು ಪೂರ್ತಿ ಕಚ್ಚುವುದಿಲ್ಲ. ಅಂಚು ನೂಲು ಬಿಟ್ಟ, ಬಣ್ಣ ಮಾಸಿ ಗಡುಸಾದ ಪಟ್ಟಿಯನ್ನು ಕತ್ತರಿಸಿಯೇ ಎಸೆಯಿರಿ, ಇಡಿಯಾಗಿ ಬಿಟ್ಟರೆ ಮುಂದಿನ ಸಲ ಯಾರಾದರೂ ಅದನ್ನೇ ಎತ್ತಿಕೊಂಡು ಕಟ್ಟುತ್ತಾರೆ. ಕ್ಯಾರಿಯರನ್ನೂ ಕಳಚಿಡಿ, ರಬ್ಬರ್ ಕಾಲಿನಡಿ ಉಪ್ಪುನೀರು ನಿಂತರೆ ಬಾಗಿಲ ಚೌಕಟ್ಟಿನ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.